ಪ್ರೊಬೇಟ್ ಕಡತದಿಂದ ಪೂರ್ವಜರ ಬದುಕಿನವರೆಗೆ: ವಸಾಹತು ಕಾಲದ ಅಮೆರಿಕದ ದಾಖಲೆಗಳನ್ನು ಓದುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಹದಿಮೂರು ವಸಾಹತುಗಳಲ್ಲಿ ಬಾಳಿ ತೀರಿಕೊಂಡ ಸಾಮಾನ್ಯ ರೈತನೋ ಬಡಗಿಯೋ ತನ್ನ ಬಗ್ಗೆ ತಾನೇ ಬರೆದಿಟ್ಟು ಹೋದದ್ದು ಬಹಳ ಕಡಿಮೆ. ದಿನಚರಿ ಇಟ್ಟವರು ವಿರಳ, ಪತ್ರಗಳು ಉಳಿದಿರುವುದು ಅಪರೂಪ, ಚರ್ಚಿನ ಪುಸ್ತಕದಲ್ಲಿ ಸಿಗುವುದು ಹೆಚ್ಚೆಂದರೆ ಹೆಸರು ಮತ್ತು ತಾರೀಖು. ಆದರೆ ಅವನು ಸತ್ತ ಮೇಲೆ ಅವನ ಸಾಲ ತೀರಿಸಿ, ಉಳಿದದ್ದನ್ನು ಹೆಂಡತಿ ಮಕ್ಕಳಿಗೆ ಹಂಚಲು ನ್ಯಾಯಾಲಯ ನಡೆಸಿದ ವ್ಯವಹಾರದ ಕಾಗದಗಳು ಅನೇಕ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗಗಳಲ್ಲಿ, ಇಂದಿಗೂ ಉಳಿದಿವೆ. ಇವೇ ಪ್ರೊಬೇಟ್ ದಾಖಲೆಗಳು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಸೊಸೆ ಅಳಿಯಂದಿರಾಗಿ ಬಂದವರ ವಂಶವೃಕ್ಷವನ್ನು ಬೆನ್ನುಹತ್ತಿದವರಿಗೂ, ಆ ಕಾಲದ ಚರಿತ್ರೆಯನ್ನು ಮೂಲದಿಂದಲೇ ಓದಬಯಸುವ ವಿದ್ಯಾರ್ಥಿಗಳಿಗೂ ಈ ಬರಹ ಉಪಯೋಗಕ್ಕೆ ಬರಬಹುದು. ಪ್ರೊಬೇಟ್ ಕಡತ ಯಾರದೇ ಜೀವನಚರಿತ್ರೆಯಲ್ಲ, ಅದು ಕಾನೂನಿನ ಒಂದು ಕೆಲಸ ಮುಗಿಸಲು ಹುಟ್ಟಿದ ಕಾಗದ. ಹಾಗಾಗಿ ಪ್ರತಿಯೊಂದು ಹಾಳೆಯನ್ನು ಕೈಗೆತ್ತಿಕೊಂಡಾಗಲೂ ಇದನ್ನು ಯಾರು, ಯಾತಕ್ಕಾಗಿ, ಯಾರ ಮುಂದಿಡಲು ಬರೆದರು ಎಂಬ ಪ್ರಶ್ನೆ ಮೊದಲು ಬರಬೇಕು. ಬದುಕಿನ ವಿವರ ಆಮೇಲೆ ತಾನಾಗಿ ಕಾಣತೊಡಗುತ್ತದೆ.

ಕಡತದಲ್ಲಿ ಏನೇನಿರುತ್ತದೆ

ಪ್ರೊಬೇಟ್ ಎಂದರೆ ಉಯಿಲು ಎಂದೇ ಬಹಳ ಜನ ತಿಳಿದಿರುತ್ತಾರೆ. ಉಯಿಲು ಅದರ ಒಂದು ಭಾಗ ಮಾತ್ರ, ಹಲವು ಕಡತಗಳಲ್ಲಿ ಅದು ಇರುವುದೇ ಇಲ್ಲ. ಉಯಿಲು ಬರೆದಿಟ್ಟು ಸತ್ತವನ ವಿಷಯದಲ್ಲಿ ಸಾಕ್ಷಿಗಳು ನ್ಯಾಯಾಲಯಕ್ಕೆ ಬಂದು ಪ್ರಮಾಣ ಮಾಡುತ್ತಿದ್ದರು, ಆಮೇಲೆ ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕನಿಗೆ ಅಧಿಕಾರಪತ್ರ ಸಿಗುತ್ತಿತ್ತು. ಉಯಿಲಿಲ್ಲದೆ ಸತ್ತರೆ ನ್ಯಾಯಾಲಯವೇ ಆಡಳಿತಗಾರನೊಬ್ಬನನ್ನು ನೇಮಿಸುತ್ತಿತ್ತು. ವಿಧವೆ, ಹಿರಿಯ ಮಗ, ಕೆಲವೊಮ್ಮೆ ದೊಡ್ಡ ಮೊತ್ತದ ಸಾಲ ಕೊಟ್ಟಿದ್ದವನು ಆ ಜಾಗಕ್ಕೆ ಬರುತ್ತಿದ್ದರು. ಆಡಳಿತಗಾರ ಜಾಮೀನುದಾರರ ಸಮೇತ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಆ ಮೊತ್ತ ಬಹುಮಟ್ಟಿಗೆ ಆಸ್ತಿಯ ಅಂದಾಜು ಬೆಲೆಗಿಂತ ಹೆಚ್ಚಾಗಿರುತ್ತಿದ್ದರಿಂದ, ಜಾಮೀನಿಗೆ ನಿಂತವರು ಯಾರೋ ದಾರಿಹೋಕರಾಗಿರುವುದಿಲ್ಲ. ಅವರು ಹೆಂಡತಿಯ ಅಣ್ಣನೋ ಮಗಳ ಗಂಡನೋ ಆಗಿರುವ ಸಂಭವ ಹೆಚ್ಚು. ಮುಚ್ಚಳಿಕೆಯನ್ನು ಅಚ್ಚಿನ ನಮೂನೆ ಎಂದು ಪಕ್ಕಕ್ಕೆ ಸರಿಸುವವರು ಈ ಹೆಸರುಗಳನ್ನು ಕಳೆದುಕೊಳ್ಳುತ್ತಾರೆ.

ಇದಾದ ಮೇಲೆ ಆಸ್ತಿಪಟ್ಟಿ, ಬರಬೇಕಾದ ಮತ್ತು ಕೊಡಬೇಕಾದ ಸಾಲಗಳ ಪಟ್ಟಿ, ನಿರ್ವಾಹಕರು ಒಪ್ಪಿಸಿದ ಲೆಕ್ಕಪತ್ರ, ಅಪ್ರಾಪ್ತ ವಯಸ್ಸಿನ ಮಕ್ಕಳಿಗೆ ಪಾಲಕರ ನೇಮಕ, ವಿಧವೆಯ ಭಾಗವನ್ನು ಗುರುತಿಸಿದ ವರದಿ, ವಾರಸುದಾರರ ನಡುವಿನ ವಿಭಾಗಪತ್ರ, ತಮ್ಮ ಪಾಲು ಮುಟ್ಟಿತೆಂದು ಅವರು ಕೊಟ್ಟ ರಸೀತಿಗಳು ಒಂದರ ಹಿಂದೊಂದು ಬರುತ್ತವೆ. ಚಿಕ್ಕ ಮಕ್ಕಳಿದ್ದ ಮನೆಯಲ್ಲಿ ಇಡೀ ವ್ಯವಹಾರ ಹದಿನೈದು ಇಪ್ಪತ್ತು ವರ್ಷ ಎಳೆದದ್ದೂ ಉಂಟು. ಮೊದಲ ಎರಡು ಕಾಗದ ಸಿಕ್ಕಿದ ಕೂಡಲೇ ಕಡತ ಮುಗಿಯಿತೆಂದು ಭಾವಿಸಬಾರದು.

ಮೊದಲ ಹಂತ: ಯಾವ ನ್ಯಾಯಾಲಯ ಎಂದು ನಿರ್ಧರಿಸುವುದು

ಹುಡುಕಾಟ ಆರಂಭಿಸುವ ಮುನ್ನ ಎರಡು ಸಂಗತಿ ಗೊತ್ತಿರಬೇಕು: ವ್ಯಕ್ತಿ ಹೆಚ್ಚುಕಡಿಮೆ ಯಾವ ವರ್ಷ ತೀರಿಕೊಂಡ, ಆಗ ಅವನ ಊರು ಯಾವ ಆಡಳಿತದ ಕೆಳಗಿತ್ತು. ಎರಡನೆಯದರಲ್ಲೇ ಹೆಚ್ಚಿನವರು ಎಡವುವುದು. ಇಂದಿನ ನಕಾಶೆ ಇಲ್ಲಿ ಉಪಯೋಗಕ್ಕೆ ಬಾರದು. ಮ್ಯಾಸಚೂಸೆಟ್ಸಿನ ಲ್ಯಾಂಕ್ಯಾಸ್ಟರ್ ಊರಿನಲ್ಲಿ 1725ರಲ್ಲಿ ಸತ್ತವನ ಕಡತ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿರುತ್ತದೆ, ಅದೇ ಊರಿನಲ್ಲಿ 1735ರಲ್ಲಿ ಸತ್ತವನದು ವುಸ್ಟರ್ ಕೌಂಟಿಯಲ್ಲಿರುತ್ತದೆ, ಏಕೆಂದರೆ ವುಸ್ಟರ್ ಕೌಂಟಿ ಹುಟ್ಟಿದ್ದೇ 1731ರಲ್ಲಿ. ಮನೆ ಕದಲಲಿಲ್ಲ, ಗಡಿ ಕದಲಿತು.

ವಸಾಹತಿನಿಂದ ವಸಾಹತಿಗೆ ವ್ಯವಸ್ಥೆಯೂ ಬೇರೆಬೇರೆ. ಮ್ಯಾಸಚೂಸೆಟ್ಸಿನಲ್ಲಿ ಮೊದಲು ಕೌಂಟಿ ನ್ಯಾಯಾಲಯಗಳೇ ಈ ಕೆಲಸ ನೋಡುತ್ತಿದ್ದವು. 1692ರ ನಂತರ ಪ್ರತಿ ಕೌಂಟಿಗೂ ಪ್ರೊಬೇಟ್ ನ್ಯಾಯಾಧೀಶರು ಬಂದರು. ಪ್ಲಿಮತ್ ವಸಾಹತು ಅದರಲ್ಲಿ ವಿಲೀನವಾಗುವವರೆಗೂ ಬೇರೆಯಾಗಿಯೇ ಇದ್ದುದರಿಂದ ಅದರ ಹಳೆಯ ಉಯಿಲುಗಳನ್ನು ಪ್ರತ್ಯೇಕವಾಗಿ ನೋಡಬೇಕು. ಕನೆಕ್ಟಿಕಟ್ಟಿನಲ್ಲಿ ಕೌಂಟಿಯ ಬದಲು ಪ್ರೊಬೇಟ್ ಜಿಲ್ಲೆಗಳಿವೆ, ಅವು ಹದಿನೆಂಟನೆಯ ಶತಮಾನದುದ್ದಕ್ಕೂ ಒಡೆಯುತ್ತಲೇ ಹೋದವು. ಹಳೆಯ ಕಡತಗಳ ಬಹುಭಾಗ ಹಾರ್ಟ್‌ಫರ್ಡಿನ ರಾಜ್ಯ ಗ್ರಂಥಾಲಯದಲ್ಲಿದೆ. ರೋಡ್ ಐಲೆಂಡಿನಲ್ಲಿ ಆಯಾ ಊರಿನ ಮಂಡಳಿಯೇ ಪ್ರೊಬೇಟ್ ನಡೆಸುತ್ತಿದ್ದುದರಿಂದ ಊರ ಗುಮಾಸ್ತರ ಕಚೇರಿಯಲ್ಲಿ ಕೇಳಬೇಕು. ಪೆನ್ಸಿಲ್ವೇನಿಯಾದಲ್ಲಿ ಉಯಿಲುಗಳ ನೋಂದಣಾಧಿಕಾರಿ ಒಬ್ಬ, ಮಕ್ಕಳ ಮತ್ತು ವಿಭಾಗದ ವಿಷಯ ನೋಡುವ ಅನಾಥರ ನ್ಯಾಯಾಲಯ ಇನ್ನೊಂದು. ಎರಡನ್ನೂ ನೋಡದಿದ್ದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ನ್ಯೂಯಾರ್ಕ್, ನ್ಯೂಜೆರ್ಸಿ, ಮೇರಿಲ್ಯಾಂಡ್‌ಗಳಲ್ಲಿ ಪ್ರಿರೋಗೆಟಿವ್ ಕೋರ್ಟ್ ಎಂಬ ಕೇಂದ್ರ ವ್ಯವಸ್ಥೆಯಿತ್ತು. ಮೇರಿಲ್ಯಾಂಡಿನದು 1777ರವರೆಗೆ ನಡೆದು, ಅದರ ಪುಸ್ತಕಗಳು ಅನ್ನಾಪೊಲಿಸ್‌ನ ರಾಜ್ಯ ಪತ್ರಾಗಾರದಲ್ಲಿ ಒಂದೇ ಕಡೆ ಸಿಗುತ್ತವೆ. ದಕ್ಷಿಣ ಕ್ಯಾರೊಲಿನಾಕ್ಕೆ ಚಾರ್ಲ್ಸ್‌ಟನ್ ಕೇಂದ್ರವಾಗಿತ್ತು.

ವರ್ಜೀನಿಯಾದಲ್ಲಿ ಪ್ರತಿ ಕೌಂಟಿಯ ನ್ಯಾಯಾಲಯವೇ ಸರ್ವಸ್ವ. ಉಯಿಲುಗಳು ಉಯಿಲಿನ ಪುಸ್ತಕದಲ್ಲಷ್ಟೇ ಅಲ್ಲ, ಕ್ರಯಪತ್ರಗಳ ಪುಸ್ತಕದಲ್ಲಿಯೂ ನ್ಯಾಯಾಲಯದ ಆದೇಶಗಳ ಪುಸ್ತಕದಲ್ಲಿಯೂ ಬೆರೆತಿರುತ್ತವೆ. ಜೊತೆಗೆ ಹಲವು ಕೌಂಟಿಗಳ ದಾಖಲೆ ಸುಟ್ಟುಹೋಗಿದೆ. ಅಂತರ್ಯುದ್ಧದ ಸಮಯದಲ್ಲಿ ಸುರಕ್ಷಿತವಾಗಿರಲೆಂದು ರಿಚ್ಮಂಡಿಗೆ ಸಾಗಿಸಿದ ಪುಸ್ತಕಗಳು 1865ರ ಏಪ್ರಿಲಿನ ಬೆಂಕಿಯಲ್ಲಿ ಅಲ್ಲೇ ಬೂದಿಯಾದದ್ದು ಸಂಶೋಧಕರನ್ನು ಇಂದಿಗೂ ಕಾಡುವ ವಿಪರ್ಯಾಸ. ಅಂಥ ಕೌಂಟಿಯಾದರೆ ಭೂಮಂಜೂರಾತಿ, ತೆರಿಗೆ ಪಟ್ಟಿ, ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಪ್ರದೇಶ) ಮಂಡಳಿಯ ಪುಸ್ತಕ ಮತ್ತು ನೆರೆಯ ಕೌಂಟಿಗಳ ದಾವೆಗಳ ಕಡೆಗೆ ತಿರುಗಬೇಕಾಗುತ್ತದೆ.

ಎರಡನೇ ಹಂತ: ಸೂಚಿಯಿಂದ ಮೂಲ ಕಾಗದಕ್ಕೆ

ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಂಡರೆ ಕೌಂಟಿಗಳ ಪ್ರೊಬೇಟ್ ಪುಸ್ತಕಗಳ ಚಿತ್ರಗಳು ಅಪಾರ ಪ್ರಮಾಣದಲ್ಲಿ ಸಿಗುತ್ತವೆ. ಕೆಲವನ್ನು ಮನೆಯಿಂದ ನೋಡಬಹುದು, ಕೆಲವಕ್ಕೆ ಅವರ ಕೇಂದ್ರಕ್ಕೆ ಹೋಗಬೇಕು. ಆನ್ಸೆಸ್ಟ್ರಿ ಎಂಬ ಇನ್ನೊಂದು ಜಾಲತಾಣದ ಉಯಿಲು ಸಂಗ್ರಹಕ್ಕೆ ಚಂದಾ ಬೇಕು. ಮ್ಯಾಸಚೂಸೆಟ್ಸಿನ ಹಲವು ಕೌಂಟಿಗಳ ಕಡತಗಳನ್ನು ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ ತನ್ನ ತಾಣದಲ್ಲಿ ಹಾಕಿದೆ. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯ ಉಯಿಲುಗಳ ಸಾರಾಂಶಗಳು ಬಹಳ ಹಿಂದೆಯೇ ಅಚ್ಚಾಗಿವೆ. ಸಾರಾಂಶ ದಾರಿ ತೋರುವುದಕ್ಕೆ ಮಾತ್ರ. ಅದನ್ನು ಮಾಡಿದವರು ವಾರಸುದಾರರ ಹೆಸರು ಎತ್ತಿಕೊಂಡು, ಯಾವ ಕೋಣೆ ಯಾರಿಗೆ, ಯಾವ ಷರತ್ತಿನ ಮೇಲೆ ಎಂಬಂಥ ರಸವತ್ತಾದ ಸಂಗತಿಯನ್ನೆಲ್ಲ ಬಿಟ್ಟಿರುತ್ತಾರೆ.

ಒಂದೇ ಉಯಿಲಿಗೆ ಎರಡು ರೂಪಗಳಿರುತ್ತವೆ ಎಂಬುದನ್ನು ನೆನಪಿಡಬೇಕು. ಒಂದು, ಕಡತದಲ್ಲಿ ಮಡಚಿಟ್ಟ ಮೂಲ ಕಾಗದ. ಇನ್ನೊಂದು, ಗುಮಾಸ್ತ ದಪ್ಪ ಪುಸ್ತಕದಲ್ಲಿ ಬರೆದುಕೊಂಡ ನಕಲು. ಸಹಿ, ಅರಗಿನ ಮುದ್ರೆ, ಹೊಡೆದುಹಾಕಿದ ಸಾಲು, ಕಾಗದದ ಬೆನ್ನಿನ ಟಿಪ್ಪಣಿ ಮೂಲದಲ್ಲಿ ಮಾತ್ರ ಇರುತ್ತವೆ. ನಕಲು ಮಾಡುವಾಗ ಗುಮಾಸ್ತನ ಕಣ್ಣು ಒಂದು ಸಾಲು ಹಾರಿದ್ದರೆ ಒಬ್ಬ ಮಗಳೇ ಮಾಯವಾಗಿರಬಹುದು. ಎರಡೂ ಉಳಿದಿದ್ದರೆ ಎರಡನ್ನೂ ಓದುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ.

ಸೂಚಿಯಲ್ಲಿ ಸಾಮಾನ್ಯವಾಗಿ ಸತ್ತವನ ಹೆಸರು ಮಾತ್ರ ಇರುತ್ತದೆ. ನಿಮ್ಮ ಪೂರ್ವಜ ಬೇರೆಯವರ ಕಡತದಲ್ಲಿ ಸಾಕ್ಷಿಯಾಗಿ, ಬೆಲೆ ಕಟ್ಟುವವನಾಗಿ, ಸಾಲಗಾರನಾಗಿ, ಅಳಿಯನಾಗಿ ಕಾಣಿಸಿಕೊಂಡಿದ್ದರೆ ಸೂಚಿ ಅದನ್ನು ಹೇಳುವುದಿಲ್ಲ. ಹಾಗಾಗಿ ಮಾವನ, ಭಾವಮೈದುನರ, ಮಕ್ಕಳಿಲ್ಲದ ಚಿಕ್ಕಪ್ಪನ, ಮದುವೆಯಾಗದೆ ಉಳಿದ ಸೋದರಿಯ ಕಡತಗಳನ್ನು ತೆಗೆಯಬೇಕು. ಮಕ್ಕಳಿಲ್ಲದವರ ಉಯಿಲು ವಂಶಶೋಧಕರ ಪಾಲಿನ ನಿಧಿ, ಏಕೆಂದರೆ ಅವರು ಅಣ್ಣತಮ್ಮಂದಿರ ಮಕ್ಕಳನ್ನೆಲ್ಲ ಹೆಸರು ಹಿಡಿದು ನೆನೆಯುತ್ತಾರೆ. ಫ್ಯಾಮಿಲಿಸರ್ಚ್ 2024ರಲ್ಲಿ ಹೊರತಂದ ಪೂರ್ಣಪಠ್ಯ ಹುಡುಕಾಟ ಈ ಕೆಲಸವನ್ನು ಬಹಳ ಹಗುರಗೊಳಿಸಿದೆ. ಕೈಬರಹವನ್ನು ಯಂತ್ರವೇ ಓದಿ, ಪುಟದ ನಡುವೆ ಹುದುಗಿರುವ ಹೆಸರನ್ನೂ ತೋರಿಸುತ್ತದೆ. ಯಂತ್ರದ ಓದು ತಪ್ಪುವುದುಂಟು, ಹೆಸರುಗಳ ಕಾಗುಣಿತವೂ ಆ ಕಾಲದಲ್ಲಿ ಸ್ಥಿರವಾಗಿರಲಿಲ್ಲ. ಆದ್ದರಿಂದ ಹೆಸರಿನ ನಾಲ್ಕಾರು ರೂಪಗಳನ್ನೂ, ಹೆಸರಿನ ಜೊತೆಗೆ ಊರನ್ನೂ ಕೊಟ್ಟು ನೋಡಬೇಕು.

ಮೂರನೇ ಹಂತ: ಬರಹ ಮತ್ತು ತಾರೀಖು

ಹದಿನೇಳನೆಯ ಶತಮಾನದ ಕಾಗದಗಳು ಸೆಕ್ರೆಟರಿ ಹ್ಯಾಂಡ್ ಎಂಬ ಹಳೆಯ ಲಿಪಿಶೈಲಿಯಲ್ಲಿರುತ್ತವೆ. ಅದರಲ್ಲಿ ಇ, ಸಿ, ಆರ್, ಎಚ್ ಅಕ್ಷರಗಳು ಇಂದಿನ ರೂಪದಲ್ಲಿರುವುದಿಲ್ಲ. ಉದ್ದನೆಯ ಎಸ್ ಅಕ್ಷರ ಎಫ್‌ನಂತೆ ಕಾಣುತ್ತದೆ. ಜೋಡಿ ಎಫ್ ಬಂದರೆ ಅದು ದೊಡ್ಡಕ್ಷರದ ಎಫ್ ಅಷ್ಟೆ. ಯು ಮತ್ತು ವಿ, ಐ ಮತ್ತು ಜೆ ಅದಲುಬದಲಾಗುತ್ತವೆ. ವೈ ಅಕ್ಷರದ ತಲೆಯ ಮೇಲೆ ಇ ಬರೆದಿದ್ದರೆ ಅದನ್ನು ‘ದ’ ಎಂದೇ ಓದಬೇಕು, ‘ಯೀ’ ಎಂದಲ್ಲ. ಮೊತ್ತದ ಕಂಬಸಾಲುಗಳಲ್ಲಿ ಪೌಂಡಿಗೆ ಎಲ್ ಅಥವಾ ಎಲ್‌ಐ, ಶಿಲಿಂಗಿಗೆ ಎಸ್, ಪೆನ್ನಿಗೆ ಡಿ.

ಇದಕ್ಕೆ ಅಡ್ಡದಾರಿ ಯಾವುದೂ ಇಲ್ಲ, ಆದರೆ ಒಂದು ಉಪಾಯವುಂಟು. ಉಯಿಲಿನ ಆರಂಭದ ವಾಕ್ಯಗಳು ಎಲ್ಲ ಉಯಿಲುಗಳಲ್ಲೂ ಹೆಚ್ಚುಕಡಿಮೆ ಒಂದೇ: ದೇವರ ಹೆಸರಿನಲ್ಲಿ, ದೇಹ ದುರ್ಬಲವಾಗಿದ್ದರೂ ನೆನಪು ಗಟ್ಟಿಯಾಗಿರುವ ಇಂಥವನು, ಆತ್ಮವನ್ನು ಸೃಷ್ಟಿಕರ್ತನಿಗೂ ದೇಹವನ್ನು ಮಣ್ಣಿಗೂ ಒಪ್ಪಿಸಿ, ಎಂದು ಸಾಗುವ ಮಾತು. ಗೊತ್ತಿರುವ ಈ ವಾಕ್ಯಗಳಿಂದ ಆ ಗುಮಾಸ್ತನ ಅಕ್ಷರಮಾಲೆಯನ್ನು ಬೇರೆ ಹಾಳೆಯ ಮೇಲೆ ಎತ್ತಿ ಬರೆದುಕೊಂಡರೆ, ಮುಂದಿನ ಕಷ್ಟದ ಹೆಸರುಗಳನ್ನು ಅದರೊಂದಿಗೆ ಹೋಲಿಸಿ ಬಿಡಿಸಬಹುದು. ಪ್ರತಿ ಮಾಡುವಾಗ ಮೂಲದ ಸಾಲಿಗೆ ಒಂದು ಸಾಲಿನಂತೆ, ಮೂಲದ ಕಾಗುಣಿತವನ್ನು ತಿದ್ದದೆ ಬರೆಯಬೇಕು. ಊಹಿಸಿದ ಅಕ್ಷರಗಳನ್ನು ಚೌಕ ಆವರಣದೊಳಗಿಡಬೇಕು.

ತಾರೀಖಿನಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿಯೂ ಅದರ ವಸಾಹತುಗಳಲ್ಲಿಯೂ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ 1ರಿಂದ ಮಾರ್ಚ್ 24ರವರೆಗಿನ ದಿನಗಳು ಹಿಂದಿನ ವರ್ಷಕ್ಕೆ ಸೇರುತ್ತಿದ್ದವು; ಗೊಂದಲ ತಪ್ಪಿಸಲು ಹಲವರು 1711/12 ಎಂದು ಎರಡು ವರ್ಷ ಸೇರಿಸಿ ಬರೆಯುತ್ತಿದ್ದರು. ಪ್ಲಿಮತ್‌ನ ಸೇನಾನಾಯಕ ಮೈಲ್ಸ್ ಸ್ಟ್ಯಾಂಡಿಷ್‌ನ ಉಯಿಲಿನ ಮೇಲೆ 1655ರ ಮಾರ್ಚ್ 7 ಎಂದಿದೆ, ಅವನು ಸತ್ತದ್ದು 1656ರ ಅಕ್ಟೋಬರಿನಲ್ಲಿ. ನೋಡಿದ ಕೂಡಲೇ ಒಂದೂವರೆ ವರ್ಷದ ಅಂತರವೆನಿಸುತ್ತದೆ. ನಮ್ಮ ಲೆಕ್ಕದಲ್ಲಿ ಆ ಮಾರ್ಚ್ 1656ರದೇ ಆದ್ದರಿಂದ ಅಂತರ ಏಳು ತಿಂಗಳು ಮಾತ್ರ. ಕ್ವೇಕರರೂ ಪ್ಯೂರಿಟನ್ನರೂ (ಇವು ಎರಡು ಪ್ರಾಟೆಸ್ಟಂಟ್ ಪಂಥಗಳು) ತಿಂಗಳಿಗೆ ಹೆಸರಿನ ಬದಲು ಸಂಖ್ಯೆ ಬಳಸುತ್ತಿದ್ದರು. ಹಳೆಯ ಪದ್ಧತಿಯಲ್ಲಿ ಮೊದಲ ತಿಂಗಳು ಮಾರ್ಚ್, ಹತ್ತನೆಯದು ಡಿಸೆಂಬರ್. 1752ರ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಬಂದಿತು. ಟಿಪ್ಪಣಿಯಲ್ಲಿ ಮೂಲದ ತಾರೀಖನ್ನು ಇದ್ದಂತೆಯೇ ಬರೆದು, ಪರಿವರ್ತಿಸಿದ್ದನ್ನು ಪಕ್ಕದಲ್ಲಿ ಬೇರೆಯಾಗಿ ಇಡುವುದು ಒಳ್ಳೆಯದು.

ಸಾವಿನ ದಿನ ಎಲ್ಲಿಯೂ ಸಿಗದಿದ್ದರೆ ಉಯಿಲಿಗೆ ಸಹಿ ಬಿದ್ದ ದಿನಕ್ಕೂ ಅದನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡಿದ ದಿನಕ್ಕೂ ನಡುವೆ ಅದನ್ನು ಇರಿಸಬಹುದು. ಆಸ್ತಿಪಟ್ಟಿಯ ತಾರೀಖು ಕೆಲವೊಮ್ಮೆ ಆ ಅವಧಿಯನ್ನು ಇನ್ನಷ್ಟು ಕಿರಿದುಗೊಳಿಸುತ್ತದೆ.

ನಾಲ್ಕನೇ ಹಂತ: ಉಯಿಲನ್ನು ಓದುವುದು

ಉಯಿಲಿನಲ್ಲಿ ಇಲ್ಲದ್ದನ್ನು ಇಲ್ಲವೆಂದು ತೀರ್ಮಾನಿಸುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಹಿರಿಯ ಮಗನ ಹೆಸರಿಲ್ಲದಿದ್ದರೆ ಅವನು ಸತ್ತಿದ್ದನೆಂದಾಗಲಿ, ಐದು ಶಿಲಿಂಗ್ ಮಾತ್ರ ಸಿಕ್ಕಿದ್ದರೆ ತಂದೆಗೆ ಮುನಿಸಿತ್ತೆಂದಾಗಲಿ ಹೇಳಲಾಗದು. ಮದುವೆಯ ಹೊತ್ತಿಗೇ ದಾನಪತ್ರದ ಮೂಲಕ ಜಮೀನು ಪಡೆದ ಮಗನಿಗೆ ಉಯಿಲಿನಲ್ಲಿ ಹೆಚ್ಚೇನೂ ಬಾಕಿ ಇರುತ್ತಿರಲಿಲ್ಲ. ಆ ಐದು ಶಿಲಿಂಗ್, ಅವನನ್ನು ಮರೆತಿಲ್ಲವೆಂದು ಕಾನೂನಿಗೆ ತೋರಿಸಲು ಬರೆದದ್ದು. ಹೆಣ್ಣುಮಕ್ಕಳಿಗೂ ಹೀಗೆಯೇ: ಅವರ ಭಾಗ ಮಂಚ, ಹಾಸಿಗೆ, ತವರದ ಪಾತ್ರೆ, ಹಸುವಿನ ರೂಪದಲ್ಲಿ ಮದುವೆಯ ದಿನವೇ ಹೋಗಿರುತ್ತಿತ್ತು. ವರ್ಜೀನಿಯಾದಲ್ಲಿ ಉಯಿಲಿಲ್ಲದೆ ಸತ್ತವನ ಭೂಮಿ ಹಿರಿಯ ಮಗನಿಗೇ ಹೋಗುತ್ತಿದ್ದುದರಿಂದ, ಉಯಿಲಿದ್ದರೂ ಅಲ್ಲಿ ಹಿರಿಯ ಮಗನ ಬಗ್ಗೆ ಮೌನವಿರುವುದುಂಟು. ಮ್ಯಾಸಚೂಸೆಟ್ಸಿನಲ್ಲಿ ಉಯಿಲಿಲ್ಲದೆ ಸತ್ತಾಗ ಹಿರಿಯ ಮಗನಿಗೆ ಎರಡು ಪಾಲು, ಉಳಿದ ಮಕ್ಕಳಿಗೆ, ಹೆಣ್ಣುಮಕ್ಕಳೂ ಸೇರಿ, ಒಂದೊಂದು ಪಾಲು. ವಿಧವೆಗೆ ಚರಾಸ್ತಿಯ ಮೂರನೆಯ ಒಂದು ಭಾಗ ಸ್ವಂತಕ್ಕೆ, ಭೂಮಿಯ ಮೂರನೆಯ ಒಂದು ಭಾಗದ ಅನುಭೋಗ ಜೀವವಿರುವವರೆಗೆ. ವಾರಸುದಾರರ ಸಂಖ್ಯೆ ಗೊತ್ತಾಗಬೇಕಿದ್ದರೆ ಈ ಪಾಲುಗಳ ಲೆಕ್ಕದಿಂದಲೇ ಅದನ್ನು ಹೊರತೆಗೆಯಬಹುದು.

ಸಂಬಂಧಸೂಚಕ ಪದಗಳು ಇನ್ನೊಂದು ಬಲೆ. ಆ ಕಾಲದ ಬರಹದಲ್ಲಿ ‘ಸನ್ ಇನ್ ಲಾ’ ಎಂದಿದ್ದರೆ ಅಳಿಯನೂ ಆಗಬಹುದು, ಹೆಂಡತಿಯ ಮೊದಲ ಮದುವೆಯ ಮಗನೂ ಆಗಬಹುದು. ‘ಕಸಿನ್’ ಎಂಬುದು ಸೋದರನ ಮಗನನ್ನೂ ಸೂಚಿಸುತ್ತದೆ. ಒಂದೇ ಊರಿನ ಸೀನಿಯರ್ ಮತ್ತು ಜೂನಿಯರ್ ತಂದೆ ಮಗ ಆಗಿರಲೇಬೇಕಿಲ್ಲ, ಒಂದೇ ಹೆಸರಿನ ಹಿರಿಯ ಕಿರಿಯರಾಗಿದ್ದರೆ ಸಾಕು. ‘ನನ್ನ ಈಗಿನ ಹೆಂಡತಿ’ ಎಂಬ ಮಾತಿನಿಂದ ಅವನಿಗೆ ಮೊದಲೊಬ್ಬಳು ಹೆಂಡತಿಯಿದ್ದಳೆಂದು ಸಾಬೀತಾಗುವುದಿಲ್ಲ. ಅನಾಥ ಎಂದು ದಾಖಲಾದ ಮಗುವಿನ ತಾಯಿ ಬದುಕಿರಬಹುದು. ತಂದೆಯಿಲ್ಲದಿದ್ದರೆ ಸಾಕು, ಮಗು ಅನಾಥವೇ. ಸ್ಟ್ಯಾಂಡಿಷ್ ತನ್ನ ಉಯಿಲಿನಲ್ಲಿ ಡಕ್ಸ್‌ಬರಿಯಲ್ಲಿ ಸತ್ತರೆ ಮಗಳು ಲೋರಾ ಮತ್ತು ‘ಡಾಟರ್ ಇನ್ ಲಾ’ ಮೇರಿ ಇವರಿಬ್ಬರ ಸಮಾಧಿಯ ಹತ್ತಿರ ತನ್ನನ್ನು ಹೂಳಬೇಕೆಂದು ಕೇಳಿಕೊಂಡಿದ್ದಾನೆ. ಇಲ್ಲಿ ಮೇರಿ ಮಗನ ಹೆಂಡತಿ, ಸೊಸೆ ಎಂಬುದು ಬೇರೆ ದಾಖಲೆಗಳಿಂದ ತಿಳಿಯುತ್ತದೆ. ಈ ಒಂದು ಸಾಲಿನಿಂದಲೇ ತಿಳಿಯುವಂತಿರಲಿಲ್ಲ. ಅದೇ ಉಯಿಲಿನಲ್ಲಿ ಅವನು ಇಂಗ್ಲೆಂಡಿನ ಲ್ಯಾಂಕ್ಯಾಶೈರಿನಲ್ಲಿಯೂ ಮ್ಯಾನ್ ದ್ವೀಪದಲ್ಲಿಯೂ ತನಗೆ ನ್ಯಾಯವಾಗಿ ಸೇರಬೇಕಿದ್ದ ಜಮೀನುಗಳನ್ನು ಮೋಸದಿಂದ ತಡೆಹಿಡಿಯಲಾಗಿದೆಯೆಂದು ದೂರಿ, ಊರುಗಳ ಹೆಸರು ಹೇಳಿ, ಅವುಗಳ ಹಕ್ಕನ್ನು ಮಗನಿಗೆ ಬರೆದಿದ್ದಾನೆ. ಕೈಗೆ ಸಿಗದ ಜಮೀನಿನ ಈ ಪಟ್ಟಿಯೇ ಅವನ ಮೂಲದ ಬಗ್ಗೆ ನಡೆಯುತ್ತಿರುವ ಚರ್ಚೆಗೆ ಮುಖ್ಯ ಆಧಾರವಾಗಿದೆ.

ವಿಧವೆಗೆ ಬಿಟ್ಟ ಸವಲತ್ತುಗಳ ಭಾಗವನ್ನು ನಿಧಾನವಾಗಿ ಓದಬೇಕು. ಮನೆಯ ಪೂರ್ವದ ಕೋಣೆ, ನೆಲಮಾಳಿಗೆಯ ಅರ್ಧ, ಬಾವಿಗೂ ಬ್ರೆಡ್ ಸುಡುವ ಒಲೆಗೂ ಹೋಗಿಬರುವ ಹಕ್ಕು, ಬೇಸಗೆ ಚಳಿಗಾಲವೆರಡರಲ್ಲೂ ಮಗನೇ ಮೇಯಿಸಬೇಕಾದ ಎರಡು ಹಸು, ವರ್ಷಕ್ಕಿಷ್ಟು ಬುಷೆಲ್ ಮುಸುಕಿನ ಜೋಳ, ಬಾಗಿಲಿಗೆ ತಂದು ಹಾಕಬೇಕಾದ ಸೌದೆ, ಇವೆಲ್ಲ ಮುಗಿದ ಮೇಲೆ ‘ಅವಳು ನನ್ನ ವಿಧವೆಯಾಗಿ ಉಳಿಯುವವರೆಗೆ’ ಎಂಬ ಷರತ್ತು. ಹೀಗೆ ಬಾವಿಯ ದಾರಿಯನ್ನೂ ಬರೆದಿಡಬೇಕೆನಿಸಿತೆಂದರೆ ಅತ್ತೆ ಸೊಸೆಯರು ಒಂದೇ ಸೂರಿನಡಿ ಬಾಳಬೇಕಾದ ಕಷ್ಟವನ್ನು ಆ ಮನುಷ್ಯ ಬಲ್ಲವನಾಗಿದ್ದನೆಂದು ಊಹಿಸಿದರೆ ತಪ್ಪಾಗಲಾರದು. ಆದರೆ ಅದು ಊಹೆ ಎಂದೇ ಟಿಪ್ಪಣಿಯಲ್ಲಿ ಬರೆದುಕೊಳ್ಳಬೇಕು, ಏಕೆಂದರೆ ಇಂಥ ಷರತ್ತುಗಳು ಅಂದಿನ ವಾಡಿಕೆಯೂ ಆಗಿದ್ದವು.

ಎಲ್ಲ ಉಯಿಲೂ ಬರೆದದ್ದಲ್ಲ. ಪ್ಲಿಮತ್‌ನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ 1657ರ ಮೇ 9ರಂದು ತೀರಿಕೊಳ್ಳುವ ಮುನ್ನ ಬಾಯಿಮಾತಿನಲ್ಲಿ ಹೇಳಿದ್ದನ್ನೇ ಸಾಕ್ಷಿಗಳು ನ್ಯಾಯಾಲಯಕ್ಕೆ ತಿಳಿಸಿದರು. ಗೆಳೆಯನೊಬ್ಬನ ನೆರವಿನಿಂದ ಉಯಿಲು ಬರೆಯಬೇಕೆಂದು ಮುಂದೂಡುತ್ತ ಬಂದವರು ಇನ್ನು ಕಾಯಲಾಗದೆ ಹೇಳಿಬಿಟ್ಟರೆಂಬ ವಿವರವೂ ಅದರಲ್ಲಿದೆ. ತಮ್ಮ ಕೈಯಿಂದ ಬರೆದ ಚಿಕ್ಕ ಪುಸ್ತಕಗಳನ್ನು, ಅದರಲ್ಲೂ ಕಪ್ಪು ರಟ್ಟಿನದೊಂದನ್ನು, ಸೂಕ್ತ ಕಂಡಂತೆ ಬಳಸಿರೆಂದು ಅವರು ಹೇಳಿದ ಮಾತು ಅಚ್ಚಿನ ನಮೂನೆಯ ಯಾವ ಉಯಿಲಿನಲ್ಲಿಯೂ ಸಿಗದು. ಮದುವೆಯಾದ ಹೆಂಗಸಿಗೆ ಗಂಡನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವ ಹಕ್ಕಿರಲಿಲ್ಲವಾದ್ದರಿಂದ ಮಹಿಳೆಯರ ಉಯಿಲುಗಳೆಲ್ಲ ಬಹುತೇಕ ವಿಧವೆಯರವು, ಅವಿವಾಹಿತರವು. ಸಹಿಯ ಜಾಗದಲ್ಲಿ ಗುರುತು ಮಾತ್ರ ಇದ್ದರೆ ಅವನು ಅನಕ್ಷರಸ್ಥನೆನ್ನಬೇಡಿ. ಸಾಯುವ ಹೊತ್ತಿನ ಕೈ ನಡುಗಿರಬಹುದು. ಹಳೆಯ ಕ್ರಯಪತ್ರಗಳ ಸಹಿಯನ್ನು ನೋಡಿ.

ಐದನೇ ಹಂತ: ಆಸ್ತಿಪಟ್ಟಿ

ಇಡೀ ಕಡತದಲ್ಲಿ ಬದುಕಿಗೆ ಅತಿ ಹತ್ತಿರದ ಕಾಗದ ಇದು. ನ್ಯಾಯಾಲಯ ನೇಮಿಸಿದ ಇಬ್ಬರೋ ಮೂವರೋ ನೆರೆಯವರು ಮನೆಯೊಳಗೆ ಬಂದು ಕೋಣೆಯಿಂದ ಕೋಣೆಗೆ ನಡೆದು, ಕಂಡದ್ದನ್ನೆಲ್ಲ ಬರೆದು ಬೆಲೆ ಕಟ್ಟುತ್ತಿದ್ದರು. ಅವರು ಕೋಣೆಗಳ ಹೆಸರು ಹಾಕಿದ್ದರೆ ಅದೇ ಕ್ರಮದಲ್ಲಿ ಮನೆಯ ನಕ್ಷೆಯೊಂದನ್ನು ಬಿಡಿಸಿ. ಹಾಲ್ ಎಂದರೆ ಅಡುಗೆ, ಊಟ, ಕೆಲಸ ಎಲ್ಲ ನಡೆಯುತ್ತಿದ್ದ ದೊಡ್ಡ ಕೋಣೆ. ಪಾರ್ಲರಿನಲ್ಲಿ ಬಹುತೇಕ ಮನೆಯ ಒಳ್ಳೆಯ ಮಂಚವೇ ಇರುತ್ತಿತ್ತು. ‘ಹಾಸಿಗೆ ಮತ್ತು ಅದರ ಫರ್ನಿಚರ್’ ಎಂಬಲ್ಲಿ ಕುರ್ಚಿ ಮೇಜು ಹುಡುಕಬೇಡಿ, ಅದು ಹೊದಿಕೆ, ದಿಂಬು, ಪರದೆಗಳ ಸೆಟ್ಟು. ಗರಿ ತುಂಬಿದ ಒಳ್ಳೆಯ ಹಾಸಿಗೆಯೊಂದಕ್ಕೆ ಹಸುವಿಗಿಂತ ಹೆಚ್ಚು ಬೆಲೆ ಕಟ್ಟಿರುವುದು ಸಾಮಾನ್ಯ.

ವಸ್ತುಗಳನ್ನು ಕೆಲಸದ ಪ್ರಕಾರ ಗುಂಪು ಮಾಡಿ ನೋಡಿದರೆ ಕಸುಬು ತಾನಾಗಿ ಹೊರಬರುತ್ತದೆ. ಉಯಿಲಿನಲ್ಲಿ ಯೋಮನ್, ಅಂದರೆ ಸ್ವಂತ ಭೂಮಿಯ ರೈತ, ಎಂದು ಬರೆಸಿಕೊಂಡವನ ಪಟ್ಟಿಯಲ್ಲಿ ಮೊಳೆ, ಹತ್ತರಿ, ಅರ್ಧ ಮಾಡಿದ ಚಕ್ರಗಳು ಸಿಕ್ಕರೆ ಚಳಿಗಾಲದಲ್ಲಿ ಅವನು ಬಡಗಿಯಾಗಿದ್ದ. ನೂಲುವ ಚಕ್ರವಿದ್ದು ಮಗ್ಗವಿಲ್ಲದಿದ್ದರೆ ನೂಲನ್ನು ನೆಯ್ಗೆಗೆ ಹೊರಗೆ ಕೊಡುತ್ತಿದ್ದಿರಬಹುದು; ಸಾಲದ ಪಟ್ಟಿಯಲ್ಲಿ ನೇಯ್ಗೆಯವನ ಹೆಸರಿದೆಯೇ ಎಂದು ತಿರುಗಿ ನೋಡಿ. ಕುಯ್ಲಿನ ಧಾನ್ಯ ಎಷ್ಟಿದೆ ಎಂಬುದು ಯಾವ ತಿಂಗಳಲ್ಲಿ ಪಟ್ಟಿ ಮಾಡಿದರು ಎಂಬುದರ ಮೇಲೆ ನಿಂತಿದೆ. ಏಪ್ರಿಲಿನ ಖಾಲಿ ಕಣಜ ಬಡತನದ ಗುರುತಲ್ಲ.

ಜನಪ್ರಿಯ ಕಲ್ಪನೆಗಳು ಮುರಿಯುವುದೂ ಇಲ್ಲೇ. ಪಿಲ್ಗ್ರಿಮರೆಲ್ಲ, ಅಂದರೆ ಪ್ಲಿಮತ್‌ಗೆ ಮೊದಲು ಬಂದು ನೆಲೆಸಿದವರೆಲ್ಲ, ಕಪ್ಪು ಬಟ್ಟೆ ತೊಟ್ಟವರೆಂಬ ಚಿತ್ರ ಮನಸ್ಸಿನಲ್ಲಿರುವವರು ಬ್ರಾಡ್‌ಫರ್ಡರ ಆಸ್ತಿಪಟ್ಟಿಯಲ್ಲಿ ಕೆಂಪು ವೇಸ್ಟ್‌ಕೋಟ್, ನೇರಳೆ ಬಣ್ಣದ ನಿಲುವಂಗಿ, ಬೆಳ್ಳಿಯ ಗುಂಡಿಗಳನ್ನು ಕಂಡು ಬೆರಗಾಗುತ್ತಾರೆ. ಸ್ಟ್ಯಾಂಡಿಷ್‌ನ ಪಟ್ಟಿಯಲ್ಲಿ ಬಂದೂಕುಗಳಷ್ಟೇ ಅಲ್ಲ, ಸೀಸರ್ ಮತ್ತು ಹೋಮರರ ಪುಸ್ತಕಗಳೂ ಇವೆ.

ಆಸ್ತಿಪಟ್ಟಿಗೂ ಮಿತಿಗಳಿವೆ. ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ಮ್ಯಾಸಚೂಸೆಟ್ಸ್ ಮತ್ತು ಅದರ ಸುತ್ತಲಿನ ಉತ್ತರದ ವಸಾಹತುಗಳಲ್ಲಿ, ಭೂಮಿಗೂ ಬೆಲೆ ಕಟ್ಟಿ ಸೇರಿಸುತ್ತಿದ್ದರು. ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ ಚರಾಸ್ತಿ ಮಾತ್ರ. ಇದನ್ನು ಮರೆತು ವರ್ಜೀನಿಯಾದ ಜಮೀನುದಾರನನ್ನು ಮ್ಯಾಸಚೂಸೆಟ್ಸಿನ ರೈತನ ಪಕ್ಕ ನಿಲ್ಲಿಸಿ ಬಡವನೆನ್ನುವವರಿದ್ದಾರೆ. ಹೆಂಡತಿಯ ಸ್ವಂತ ಬಟ್ಟೆಬರೆ, ಮಕ್ಕಳಿಗೆ ಆಗಲೇ ಕೊಟ್ಟದ್ದು, ಬೆಲೆಯಿಲ್ಲದ ಮರದ ಚಮಚ ಬಟ್ಟಲುಗಳು ಪಟ್ಟಿಗೆ ಬರುವುದಿಲ್ಲ. ಕಡುಬಡವರ ಆಸ್ತಿಗೆ ಪ್ರೊಬೇಟೇ ನಡೆಯದಿರುವುದು ಹೆಚ್ಚು.

ಹಣದ ಲೆಕ್ಕ ಸರಳವೆಂದು ತೋರಿದರೂ ಸರಳವಲ್ಲ. 12 ಪೆನ್ಸಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್ ಎಂಬುದು ಎಲ್ಲೆಡೆ ಒಂದೇ. ಆದರೆ ಪೌಂಡಿನ ಮೌಲ್ಯ ವಸಾಹತಿಗೊಂದು. ಹದಿನೆಂಟನೆಯ ಶತಮಾನದ ನಡುಭಾಗದ ಲೆಕ್ಕದಂತೆ ಒಂದು ಸ್ಪ್ಯಾನಿಷ್ ಬೆಳ್ಳಿ ಡಾಲರಿಗೆ ಇಂಗ್ಲೆಂಡಿನ ಸ್ಟರ್ಲಿಂಗಿನಲ್ಲಿ 4 ಶಿಲಿಂಗ್ 6 ಪೆನ್ಸ್, ಮ್ಯಾಸಚೂಸೆಟ್ಸ್ ಮತ್ತು ವರ್ಜೀನಿಯಾದಲ್ಲಿ 6 ಶಿಲಿಂಗ್, ಪೆನ್ಸಿಲ್ವೇನಿಯಾದಲ್ಲಿ 7 ಶಿಲಿಂಗ್ 6 ಪೆನ್ಸ್, ನ್ಯೂಯಾರ್ಕಿನಲ್ಲಿ 8 ಶಿಲಿಂಗ್. ಮ್ಯಾಸಚೂಸೆಟ್ಸಿನ ಹಳೆಯ ಕಾಗದದ ಹಣ, ಓಲ್ಡ್ ಟೆನರ್, 1740ರ ದಶಕದಲ್ಲಿ ಕುಸಿಯುತ್ತ ಹೋಗಿ, ಕೊನೆಗೆ ಅದನ್ನು ಹಿಂತೆಗೆದುಕೊಂಡಾಗ ಏಳೂವರೆಗೆ ಒಂದರಂತೆ ಬದಲಾಯಿಸಿಕೊಟ್ಟರು. ಆ ದರದಲ್ಲಿ 1500 ಪೌಂಡಿನ ಆಸ್ತಿ 200 ಪೌಂಡಿಗೆ ಇಳಿಯುತ್ತದೆ. ತಂದೆ 1715ರಲ್ಲಿ 300 ಪೌಂಡ್ ಬಿಟ್ಟು, ಮಗ 1748ರಲ್ಲಿ 900 ಬಿಟ್ಟಿದ್ದರೆ ಮನೆತನ ಬೆಳೆಯಿತೆಂದು ಹೇಳುವ ಮೊದಲು ಒಂದು ಹಸುವಿಗೆ, ಒಂದು ಎಕರೆಗೆ ಎರಡೂ ಪಟ್ಟಿಗಳಲ್ಲಿ ಎಷ್ಟಿದೆ ಎಂದು ಹೋಲಿಸಬೇಕು. ಇಂದಿನ ಡಾಲರಿಗೆ ಪರಿವರ್ತಿಸುವ ಯತ್ನಕ್ಕಿಂತ ಈ ಹೋಲಿಕೆ ಹೆಚ್ಚು ನಿಜ ಹೇಳುತ್ತದೆ. ಚೆಸಪೀಕ್ ಪ್ರದೇಶದಲ್ಲಿ, ಅಂದರೆ ವರ್ಜೀನಿಯಾ ಮತ್ತು ಮೇರಿಲ್ಯಾಂಡ್‌ಗಳಲ್ಲಿ, ಬೆಲೆಗಳು ಹೊಗೆಸೊಪ್ಪಿನ ತೂಕದಲ್ಲಿಯೂ ಇರುತ್ತವೆ.

ದನಕರುಗಳ ಮತ್ತು ಪಾತ್ರೆಗಳ ಸಾಲಿನಲ್ಲೇ ಮನುಷ್ಯರ ಹೆಸರುಗಳು ಬರುತ್ತವೆ: ಗುಲಾಮಗಿರಿಯಲ್ಲಿದ್ದ ಆಫ್ರಿಕನ್ ಮೂಲದ ಗಂಡಸರು, ಹೆಂಗಸರು, ಮಕ್ಕಳು, ಹೆಸರಿನ ಮುಂದೆ ಬೆಲೆ, ಕರಾರಿನ ಆಳುಗಳಾದರೆ ‘ಇನ್ನು ಉಳಿದಿರುವ ಇಷ್ಟು ವರ್ಷದ ದುಡಿಮೆ’. ಇದು ದಕ್ಷಿಣದ್ದು ಮಾತ್ರವಲ್ಲ, ಬಾಸ್ಟನ್ ಮತ್ತು ಫಿಲಡೆಲ್ಫಿಯಾದ ಪಟ್ಟಿಗಳಲ್ಲಿಯೂ ಇದೆ. ಗುಲಾಮರ ವಂಶಜರಿಗೆ ತಮ್ಮ ಪೂರ್ವಜರ ಹೆಸರು ಮೊದಲು ಸಿಗುವುದು ಅನೇಕ ಸಲ ಇಂಥ ಸಾಲಿನಲ್ಲೇ. ಆದ್ದರಿಂದ ಯಜಮಾನನ ವಂಶವನ್ನು ಹುಡುಕುವವರು ಕೂಡ ಈ ಹೆಸರುಗಳನ್ನು ಒಂದೂ ಬಿಡದೆ ಪ್ರತಿ ಮಾಡಿ, ಆಸ್ತಿಪಟ್ಟಿಯಿಂದ ವಿಭಾಗಪತ್ರಕ್ಕೆ, ವಿಭಾಗಪತ್ರದಿಂದ ಮುಂದಿನ ತಲೆಮಾರಿನ ಉಯಿಲಿಗೆ ಅವರು ಯಾರ ಪಾಲಿಗೆ ಹೋದರೆಂದು ಗುರುತಿಸಿಡಬೇಕು. ತಾಯಿ ಒಬ್ಬ ಮಗನ ಪಾಲಿಗೂ ಅವಳ ಮಗು ಇನ್ನೊಬ್ಬ ಮಗಳ ಪಾಲಿಗೂ ಹೋಗಿರುವುದು ಆ ಕಾಗದಗಳಲ್ಲಿ ಯಾವ ಅಳುಕೂ ಇಲ್ಲದೆ ಬರೆಯಲ್ಪಟ್ಟಿರುತ್ತದೆ.

ಆರನೇ ಹಂತ: ಲೆಕ್ಕಪತ್ರ, ಪಾಲಕತ್ವ, ವಿಭಾಗ

ಲೆಕ್ಕಪತ್ರವನ್ನು ಓದುವವರು ಕಡಿಮೆ, ಆದರೆ ಕೊನೆಯ ಕಾಯಿಲೆಯ ವೈದ್ಯರಿಗೆ ಕೊಟ್ಟದ್ದು, ಶವಪೆಟ್ಟಿಗೆಯ ಖರ್ಚು, ಶವಸಂಸ್ಕಾರಕ್ಕೆ ಬಂದವರಿಗೆ ಹಂಚಿದ ಕೈಗವಸು ಮತ್ತು ಮದ್ಯ, ಕಿರಿಯ ಮಗುವಿನ ಪೋಷಣೆಗೆ ವಾರಕ್ಕಿಷ್ಟು ಎಂಬ ವಿವರ ಇರುವುದು ಇಲ್ಲಿಯೇ. ಆಡಳಿತಗಾರ್ತಿಯಾದ ವಿಧವೆಯ ಹೆಸರು ಮೊದಲ ಲೆಕ್ಕದಲ್ಲಿ ಒಂದಿದ್ದು ಎರಡನೆಯದರಲ್ಲಿ ಬೇರೆಯಾಗಿದ್ದರೆ ಅವಳು ಮರುಮದುವೆಯಾದಳೆಂದು ಅರ್ಥ. ಮದುವೆಯ ದಾಖಲೆ ಕಳೆದುಹೋಗಿರುವಾಗ ಎರಡನೆಯ ಗಂಡನ ಹೆಸರು ತಿಳಿಯಲು ಇರುವ ಏಕೈಕ ದಾರಿ ಇದಾಗಿರಬಹುದು. ಸಾಲ ಆಸ್ತಿಯನ್ನು ಮೀರಿದ್ದರೆ ನ್ಯಾಯಾಲಯ ಕಮಿಷನರುಗಳನ್ನು ನೇಮಿಸಿ, ಸಾಲ ಕೊಟ್ಟವರ ಪಟ್ಟಿ ಮಾಡಿಸಿ, ಪೌಂಡಿಗಿಷ್ಟು ಎಂದು ಹಂಚುತ್ತಿತ್ತು. ಆ ಪಟ್ಟಿಯನ್ನು ಅವನ ವ್ಯವಹಾರವಲಯದ ನಕ್ಷೆಯೆಂದೇ ಬಳಸಬಹುದು.

ಪಾಲಕರ ನೇಮಕದ ಕಾಗದ ವಯಸ್ಸು ತಿಳಿಸುತ್ತದೆ. ಮ್ಯಾಸಚೂಸೆಟ್ಸಿನಲ್ಲಿ 14 ತುಂಬಿದವರು ಪಾಲಕರನ್ನು ತಾವೇ ಆರಿಸಿಕೊಳ್ಳಬಹುದಿತ್ತು, ಅದಕ್ಕಿಂತ ಚಿಕ್ಕವರಿಗೆ ನ್ಯಾಯಾಧೀಶರು ನೇಮಿಸುತ್ತಿದ್ದರು. ಹಾಗಾಗಿ ಒಂದೇ ದಿನ ಅಣ್ಣ ‘ಆರಿಸಿಕೊಂಡ’, ತಂಗಿಗೆ ‘ನೇಮಿಸಲಾಯಿತು’ ಎಂದಿದ್ದರೆ ಜನ್ಮದಾಖಲೆಯಿಲ್ಲದೆಯೇ ಇಬ್ಬರ ಹುಟ್ಟಿದ ವರ್ಷಕ್ಕೂ ಗಡಿ ಸಿಕ್ಕಿತು. ವಿಭಾಗಪತ್ರದಲ್ಲಿ ವಿವಾಹಿತ ಹೆಣ್ಣುಮಕ್ಕಳು ಗಂಡನ ಹೆಸರಿನೊಂದಿಗೆ ಬರುತ್ತಾರೆ, ಸತ್ತ ಮಗನ ಜಾಗದಲ್ಲಿ ಅವನ ಮಕ್ಕಳು ಬರುತ್ತಾರೆ. ಉಯಿಲಿನಲ್ಲಿ ಕಾಣದವರೆಲ್ಲ ಸಿಗುವುದು ಇಲ್ಲೇ.

ಏಳನೇ ಹಂತ: ಕಾಲರೇಖೆ ಮತ್ತು ಇಂಗ್ಲೆಂಡಿನ ಕೊಂಡಿ

ಕಡತದಲ್ಲಿ ಬಂದ ಪ್ರತಿ ಹೆಸರನ್ನೂ ತಾರೀಖು, ಪಾತ್ರ, ಕಾಗದದ ಹೆಸರು, ಪುಸ್ತಕ ಮತ್ತು ಪುಟದ ಸಂಖ್ಯೆಯೊಂದಿಗೆ ಒಂದು ಕೋಷ್ಟಕಕ್ಕೆ ಇಳಿಸಿ. ಸಾಕ್ಷಿ, ಬೆಲೆ ಕಟ್ಟಿದವರು, ಜಾಮೀನುದಾರರು ಮತ್ತೆಮತ್ತೆ ಅದೇ ನಾಲ್ಕು ಮನೆತನದವರಾಗಿದ್ದರೆ ಆ ಮನೆತನಗಳ ಕಡತ ಮುಂದಿನ ಕೆಲಸ. ಉಯಿಲಿನಲ್ಲಿ ಹೇಳಿದ ಜಮೀನನ್ನು ಕ್ರಯಪತ್ರಗಳಲ್ಲಿ ಹಿಂದಕ್ಕೆ ಮುಂದಕ್ಕೆ ಹಿಂಬಾಲಿಸಿ. ಅವನು ಕೊಂಡದ್ದರ ಪತ್ರ ಸಿಗದೆ ಮಾರಿದ್ದು ಮಾತ್ರ ಸಿಕ್ಕರೆ ಅದು ಪಿತ್ರಾರ್ಜಿತವೋ ಹೆಂಡತಿಯ ಕಡೆಯದೋ ಇರಬೇಕು.

ಇಂಗ್ಲೆಂಡಿನಲ್ಲಿ ಆಸ್ತಿ ಉಳಿಸಿಕೊಂಡಿದ್ದ ವಸಾಹತುವಾಸಿಗಳ ಉಯಿಲುಗಳು ಕ್ಯಾಂಟರ್ಬರಿಯ ಪ್ರಿರೋಗೆಟಿವ್ ಕೋರ್ಟಿನಲ್ಲಿಯೂ ದಾಖಲಾಗುತ್ತಿದ್ದವು. ಆ ನೋಂದಣಿ ಪುಸ್ತಕಗಳು 1384ರಿಂದ 1858ರವರೆಗಿನವು, ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಪ್ರಾಬ್ 11 ಎಂಬ ಸರಣಿಯಲ್ಲಿವೆ, ಅವುಗಳ ಸೂಚಿಯನ್ನು ಪತ್ರಾಗಾರದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಪೂರ್ವಜನ ಹೆಸರಿನಲ್ಲಿ ಏನೂ ಸಿಗದಿದ್ದರೆ ಅಲ್ಲಿಯೇ ಉಳಿದ ತಂದೆಯ, ಅಣ್ಣನ, ಅತ್ತೆಯ ಉಯಿಲುಗಳನ್ನು ಹುಡುಕಿ. ‘ಈಗ ನ್ಯೂ ಇಂಗ್ಲೆಂಡಿನಲ್ಲಿರುವ ನನ್ನ ಮಗ’ ಎಂದೋ ‘ವರ್ಜೀನಿಯಾದಿಂದ ಬಂದು ಕೇಳಿದರೆ ಹತ್ತು ಪೌಂಡ್ ಕೊಡತಕ್ಕದ್ದು’ ಎಂದೋ ಬರೆದ ಸಾಲು ಸಿಕ್ಕರೆ, ಹಡಗಿನ ಪಟ್ಟಿಗಳು ಹೇಳದ ಹುಟ್ಟೂರು ಆ ಉಯಿಲಿನ ಮೊದಲ ಸಾಲಿನಲ್ಲಿ, ಬರೆದವನ ಪ್ಯಾರಿಷಿನ ಹೆಸರಿನೊಂದಿಗೆ, ಸಿಗುವ ಸಾಧ್ಯತೆಯಿದೆ. ಅಲ್ಲಿಂದ ಮುಂದೆ ಆ ಪ್ಯಾರಿಷಿನ ದೀಕ್ಷಾಸ್ನಾನದ ಪುಸ್ತಕಗಳನ್ನು ತೆಗೆಯಬೇಕು.